ಗಾಳಿಯ ಋಣ

ಬೆಳೆದು ದೊಡ್ಡವರಾದವರು ಆ ಬೆಳವಣಿಗೆಯ ಕೀರ್ತಿಯನ್ನು ಸಾಮಾನ್ಯವಾಗಿ ತಮ್ಮ ಸಾಮರ್ಥ್ಯಕ್ಕೇ ಸಲ್ಲಿಸುತ್ತಾರೆ. ಅದರಲ್ಲಿ ಕಾಲದ ಪಾಲೆಷ್ಟು, ಸುತ್ತಲಿನ ಅನುಕೂಲದ ಪಾಲೆಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. ಕೀಟಗಳ ಚರಿತ್ರೆ ಈ ಲೆಕ್ಕವನ್ನು ನಮ್ಮ ಮುಂದಿಡುತ್ತದೆ.

ಫ್ರಾನ್ಸಿನ ಕೊಮಾಂತ್ರಿಯ ಕಲ್ಲಿದ್ದಲಿನ ಪದರಗಳಲ್ಲಿ 1880ರಲ್ಲಿ ಒಂದು ಪಳೆಯುಳಿಕೆ ಸಿಕ್ಕಿತು. 1885ರಲ್ಲಿ ಶಾರ್ಲ್ ಬ್ರೊನ್ಯಾರ್ ಅದಕ್ಕೆ ಮೆಗಾನ್ಯೂರಾ ಎಂದು ಹೆಸರಿಟ್ಟರು. ಅದು ಇಂದಿನ ಏರೋಪ್ಲೇನ್ ಚಿಟ್ಟೆಗಳ ಬಂಧು. ಬಾಳಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಅಡಿಗೂ ಮಿಗಿಲು.

ಅಷ್ಟು ದೊಡ್ಡ ಮೈ ಹೇಗೆ ಸಾಧ್ಯವಾಯಿತು? ಕೀಟಗಳಿಗೆ ಶ್ವಾಸಕೋಶವಿಲ್ಲ. ಮೈಯ ಪಕ್ಕದ ಸಣ್ಣ ರಂಧ್ರಗಳಿಂದ ಹೊಕ್ಕ ಗಾಳಿ ಕವಲು ನಾಳಗಳ ಮೂಲಕ ನೇರವಾಗಿ ಅಂಗಾಂಗಗಳನ್ನು ಮುಟ್ಟಬೇಕು. ಮೈ ಹಿಗ್ಗಿದಷ್ಟೂ ಈ ಸರಬರಾಜು ಕಷ್ಟ. ಇಂದು ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಅಂದು ಶೇ. 30ರ ಆಸುಪಾಸಿನಲ್ಲಿತ್ತೆಂದು ಅಂದಾಜು. ಜವುಗು ಕಾಡಿನ ಮರಗಳು ಪೂರ್ತಿ ಕೊಳೆಯದೆ ಹೂತುಹೋದವು. ಅವು ಹೀರಿದ ಇಂಗಾಲ ಕಲ್ಲಿದ್ದಲಾಗಿ ನೆಲ ಸೇರಿತು, ಬಿಟ್ಟುಕೊಟ್ಟ ಆಮ್ಲಜನಕ ಗಾಳಿಯಲ್ಲಿ ಉಳಿಯಿತು. ದೈತ್ಯ ಕೀಟಗಳಿಗೆ ಇದೇ ಮುಖ್ಯ ಕಾರಣವೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಹಾಗಾದರೆ ಆ ಗಾತ್ರ ಕಾಡು ಕೊಟ್ಟ ಸಾಲ.

ಮುಂದೆ ಗಾಳಿ ಬದಲಾಯಿತು, ದೈತ್ಯರು ಅಳಿದರು. ಸುಮಾರು 25 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಕೀಟಗಳ ಅನೇಕ ವಂಶಗಳೇ ಮುಗಿದುಹೋದವು. ಆ ಬಳಿಕ ಹಬ್ಬಿ ಬೆಳೆದವರಲ್ಲಿ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂದು ನಾಲ್ಕು ಹಂತಗಳಲ್ಲಿ ಬಾಳುವ ಸಣ್ಣ ಕೀಟಗಳೇ ಮುಂದು. ಮರಿಹುಳು ಎಲೆ ತಿಂದರೆ ಚಿಟ್ಟೆ ಮಕರಂದ ಹೀರುತ್ತದೆ. ಮಕ್ಕಳ ಅನ್ನಕ್ಕೆ ಹಿರಿಯರು ಕೈ ಹಾಕುವುದಿಲ್ಲ. ಹೂಬಿಡುವ ಗಿಡಗಳು ಬಂದಾಗ ಕೀಟಗಳು ಪರಾಗ ಸಾಗಿಸಿದವು, ಹೂಗಳು ಆಹಾರ ಕೊಟ್ಟವು. ಇಂದು ಹೆಸರಿಸಲಾದ ಕೀಟ ಪ್ರಭೇದಗಳೇ ಸುಮಾರು ಹತ್ತು ಲಕ್ಷ. ಹೆಚ್ಚು ಪಡೆದದ್ದಕ್ಕಿಂತ ಕಡಿಮೆಯಲ್ಲಿ ಬಾಳಲು ಕಲಿತದ್ದು, ಹಂಚಿಕೊಂಡದ್ದು ಅವುಗಳನ್ನು ಕಾಯಿತು.

ನಾವು ಈಗ ಅದೇ ಕಲ್ಲಿದ್ದಲನ್ನು ಅಗೆದು ಸುಡುತ್ತಿದ್ದೇವೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ ಕೆಲವೇ ತಲೆಮಾರುಗಳಲ್ಲಿ ಗಾಳಿಗೆ ಮರಳುತ್ತಿದೆ, ಭೂಮಿ ಬಿಸಿಯೇರುತ್ತಿದೆ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲೇ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲು ಕುಸಿದಿದೆ ಎಂದು 2017ರ ಅಧ್ಯಯನವೊಂದು ಹೇಳಿತು. ಕಾರಣಗಳು ಹಲವಿರಬಹುದು; ಆದರೆ ಕೀಟವಿಲ್ಲದ ತೋಟದಲ್ಲಿ ಕಾಯಿ ಕಚ್ಚುವುದು ಕಡಿಮೆಯೆಂಬುದು ರೈತರಿಗೆ ಗೊತ್ತು.

ಮೆಗಾನ್ಯೂರಾಕ್ಕೆ ತನ್ನ ಗಾಳಿ ಬದಲಾಗುತ್ತಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ನಮಗಿದೆ, ಆದ್ದರಿಂದ ಹೊಣೆಯೂ ನಮ್ಮದೇ. ಹಿತ್ತಿಲ ಒಂದು ಮೂಲೆಯನ್ನು ಕಾಡುಹೂಗಳಿಗೆ ಬಿಡಿ. ಅಗತ್ಯವಿಲ್ಲದ ಕಡೆ ವಿಷ ಸಿಂಪಡಿಸಬೇಡಿ. ರಾತ್ರಿ ಬೇಡದ ದೀಪ ಆರಿಸಿ. ನಮ್ಮನ್ನು ಬೆಳೆಸಿದ ಅನುಕೂಲಗಳನ್ನು ಮುಂದಿನವರಿಗೂ ಉಳಿಸುವುದೇ ಋಣ ತೀರಿಸುವ ಬಗೆ.