ಕಣ್ಣಿಗೂ ಪಕ್ಷವುಂಟೋ?

ಅಮೇರಿಕಾ ದೇಶದಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ಶನಿವಾರವೆಂದರೆ ಕಾಲೇಜುಗಳ ಫುಟ್‌ಬಾಲ್ ಆಟದ ದಿವಸವು. ಇದು ನಮ್ಮ ಹುಡುಗರು ಕಾಲಿನಿಂದ ಒದ್ದು ಆಡುವ ಚೆಂಡಾಟವಲ್ಲ. ಎರಡು ತುದಿಗಳೂ ಚೂಪಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾ, ಎಸೆಯುತ್ತಾ, ಎದುರಾಳಿಗಳನ್ನು ನೆಲಕ್ಕೆ ಕೆಡವುತ್ತಾ ಪಕ್ಷಕ್ಕೆ ಹನ್ನೊಂದು ಮಂದಿ ಆಡುವ ಒರಟು ಆಟವು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳವರು ಆಡಿದ ಪಂದ್ಯವನ್ನು ಇವುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಈಗ ಮಿಶಿಗನ್ ವಿಶ್ವವಿದ್ಯಾಲಯದ ಆಟದ ಬೈಲಿನಲ್ಲಿ ಲಕ್ಷಕ್ಕಿಂತ ಹೆಚ್ಚು ಜನರು ಕೂತು ನೋಡುವದಕ್ಕೆ ಸ್ಥಳವಿದೆ. ಅದೇ ಋತುವಿನಲ್ಲಿ, ನವೆಂಬರ್ ತಿಂಗಳ ಮೊದಲನೇ ಸೋಮವಾರದ ಮರುದಿನ, ಆ ದೇಶದವರು ಎರಡು ವರ್ಷಕ್ಕೊಮ್ಮೆ ತಮ್ಮ ಶಾಸನಸಭೆಗೂ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷನ ಪದವಿಗೂ ಮತ ಕೊಡುತ್ತಾರೆ. ಹೀಗೆ ಶನಿವಾರ ಕಾಲೇಜಿಗೋಸ್ಕರ ಕೂಗಿದ ಗಂಟಲೇ ಮಂಗಳವಾರದ ವರೆಗೆ ರಾಜಕೀಯ ಪಕ್ಷಕ್ಕೋಸ್ಕರ ಕೂಗುವದುಂಟು. ಈ ಎರಡು ಕೂಗುಗಳು ಒಂದೇಯೋ ಎಂಬದು ನನ್ನ ಪ್ರಶ್ನೆ.

ಆಟದಲ್ಲಿ ಪಕ್ಷ ಹಿಡಿಯುವದು ಪಾಪವೆಂದು ನಾನು ಹೇಳಲಾರೆನು. ಆ ಆಟವನ್ನು ಪ್ರೀತಿಸುವವರಲ್ಲಿ ನಾನೂ ಒಬ್ಬನು. ಯಾರು ಗೆದ್ದರೆ ನನಗೇನು ಎಂದು ಕೂತವನಿಗೆ ಪಂದ್ಯವು ಉಪ್ಪಿಲ್ಲದ ಗಂಜಿಯೇ. ವರ್ಷವೆಲ್ಲಾ ಸೋತ ಕಾಲೇಜನ್ನು ಬಿಟ್ಟುಹೋಗದೆ ಮಳೆಯಲ್ಲಿ ನೆನೆಯುತ್ತಾ ಕೂತಿರುವವನಲ್ಲಿ ಒಂದು ವಿಧವಾದ ನಂಬಿಗಸ್ತಿಕೆಯೂ ಇದೆ. ಅದರಿಂದ ಯಾರಿಗೂ ಕೇಡಿಲ್ಲ.

ಆದರೆ ಆ ಪ್ರೀತಿಯು ಕಣ್ಣಿಗೆ ಏನು ಮಾಡುತ್ತದೆಂಬದನ್ನು ಕೇಳಿರಿ. 1951ರ ನವೆಂಬರ್ 24ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಕ್ರೂರವಾದ ಪಂದ್ಯ ನಡೆಯಿತು. ಪ್ರಿನ್ಸ್‌ಟನ್ನಿನ ಪ್ರಸಿದ್ಧ ಆಟಗಾರನಾದ ಕಾಜ್‌ಮಾಯರನ ಮೂಗು ಮುರಿಯಿತು. ಆಮೇಲೆ ಡಾರ್ಟ್‌ಮತ್ತಿನ ಒಬ್ಬನ ಕಾಲು ಮುರಿಯಿತು. ಪ್ರಿನ್ಸ್‌ಟನ್ ಗೆದ್ದಿತು, ಜಗಳ ಮಾತ್ರ ತೀರಲಿಲ್ಲ. ಡಾರ್ಟ್‌ಮತ್ತಿನ ಹೇಸ್ಟಾರ್ಫ್ ಮತ್ತು ಪ್ರಿನ್ಸ್‌ಟನ್ನಿನ ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲಚ್ಚಿತ್ರವನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ, ಯಾರು ಎಷ್ಟು ಸಾರಿ ನಿಯಮ ಮೀರಿದರೆಂದು ಗುರುತು ಹಾಕಲು ಹೇಳಿದರು. ಡಾರ್ಟ್‌ಮತ್ತಿನವರು ಸರಾಸರಿ 9.8 ತಪ್ಪುಗಳನ್ನು ಮಾಡಿದರೆಂದು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳು ಕಂಡರು. ಅದೇ ಚಿತ್ರದಲ್ಲಿ ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಿಗೆ ತಮ್ಮವರ ತಪ್ಪುಗಳು 4.3 ಮಾತ್ರ ಕಂಡವು. ಡಾರ್ಟ್‌ಮತ್ತಿನ ಹಳೇ ವಿದ್ಯಾರ್ಥಿಯೊಬ್ಬನು ಆ ಚಿತ್ರವನ್ನು ನೋಡಿ, ಇದರಲ್ಲಿ ಮುಖ್ಯವಾದ ಭಾಗವನ್ನು ಕತ್ತರಿಸಿದ್ದಾರೆ, ಅದನ್ನು ಕಳುಹಿಸಿರೆಂದು ತಂತಿ ಕೊಟ್ಟನಂತೆ! ಕತ್ತರಿಸಿದ್ದು ಏನೂ ಇರಲಿಲ್ಲ. ಜನರು ದೂರುತ್ತಿದ್ದ ತಪ್ಪುಗಳು ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಇವರು ಸುಳ್ಳುಗಾರರೋ? ಅಲ್ಲ. ಕಂಡದ್ದನ್ನೇ ಹೇಳಿದರು. ಇದೇ ಭಯಪಡತಕ್ಕ ಸಂಗತಿ. ಸುಳ್ಳುಸಾಕ್ಷಿ ಹೇಳಬಾರದೆಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಆದರೆ ನಾಲಿಗೆಗೆ ಬರುವ ಮೊದಲೇ ಸಾಕ್ಷಿಯು ಕಣ್ಣಿನಲ್ಲಿಯೇ ಕೆಟ್ಟುಹೋದರೆ, ಯಥಾರ್ಥನಾದ ಮನುಷ್ಯನು ಏನು ಮಾಡಬೇಕು?

ಪಂದ್ಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ, ಯಾಕಂದರೆ ಬೈಲಿನೊಳಗೆ ಎರಡೂ ಪಕ್ಷಕ್ಕೆ ಸೇರದ ತೀರ್ಪುಗಾರರು ಪಟ್ಟೆಯಂಗಿ ತೊಟ್ಟು ನಿಂತಿರುತ್ತಾರೆ. ಚುನಾವಣೆಯಲ್ಲಿ ಆ ಅಂಗಿ ತೊಟ್ಟವನು ಯಾರು? ಮತ ಕೊಡುವವನೇ. ಅವನು ನೋಡುವವರ ಸಾಲಿನಲ್ಲಿ ಕೂತವನಲ್ಲ, ತೀರ್ಪು ಕೊಡುವದಕ್ಕೆ ಕರೆಯಲ್ಪಟ್ಟವನು. ಅವನು ಬಣ್ಣದ ಅಂಗಿ ತೊಟ್ಟು ಬಂದರೆ, ತನ್ನವನು ಮಾಡಿದ ಕಳ್ಳತನ ಜಾಣತನವಾಗಿಯೂ ಎದುರಿನವನ ಮರೆವು ಮೋಸವಾಗಿಯೂ ಕಾಣುವವು. ಮತಕ್ಕೆ ಮುಂಚಿನ ದಿವಸಗಳಲ್ಲಿ ಊರಿನ ಕಾಲೇಜು ಗೆದ್ದರೆ ಅಧಿಕಾರದಲ್ಲಿರುವ ಪಕ್ಷಕ್ಕೆ ಸ್ವಲ್ಪ ಹೆಚ್ಚು ಮತ ಬೀಳುತ್ತದೆಂದು 2010ರಲ್ಲಿ ಕೆಲವು ಪಂಡಿತರು ಲೆಕ್ಕ ತೋರಿಸಿದರು. 2015ರಲ್ಲಿ ಬೇರೆ ಇಬ್ಬರು ಅದನ್ನು ಪರೀಕ್ಷಿಸಿ, ಇದು ಕಾಕತಾಳೀಯವಾಗಿರಬಹುದೆಂದು ವಾದಿಸಿದರು. ಮೊದಲಿನ ಸುದ್ದಿಯೇ ಹೆಚ್ಚು ಹರಡಿತೆಂದು ನನಗೆ ತೋರುತ್ತದೆ. ಜನರು ಮೂಢರೆಂದು ಕೇಳುವದು ನಮಗೆ ರುಚಿ. ಆ ಜನರಲ್ಲಿ ನಮ್ಮನ್ನು ಸೇರಿಸಿಕೊಳ್ಳುವದಿಲ್ಲವಷ್ಟೆ.

ಕೊರಿಂಥ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ಹೆಸರುವಾಸಿಯಾದ ಪಂದ್ಯಗಳು ನಡೆಯುತ್ತಿದ್ದವು. ಅಪೊಸ್ತಲನಾದ ಪೌಲನು ಆ ಸಭೆಯವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಓಟಗಾರನನ್ನೂ ಗುದ್ದಾಡುವವನನ್ನೂ ಒಳ್ಳೇ ದೃಷ್ಟಾಂತವಾಗಿ ತೋರಿಸಿದನು, ಆಟವನ್ನು ಜರೆಯಲಿಲ್ಲ. ಆದರೆ ಅದೇ ಪತ್ರದಲ್ಲಿ, ಪೌಲನವರು, ಅಪೊಲ್ಲೋಸನವರು, ಕೇಫನವರು ಎಂದು ವಿಶ್ವಾಸಿಗಳು ಗುಂಪು ಕಟ್ಟಿದ್ದನ್ನು ಕಠಿಣವಾಗಿ ಖಂಡಿಸಿದನು. ತನ್ನ ಹೆಸರು ಹಿಡಿದ ಗುಂಪನ್ನೂ ಅವನು ಬಿಡಲಿಲ್ಲವೆಂಬದನ್ನು ಗಮನಿಸಿರಿ.

ಕೆಟ್ಟ ಕಣ್ಣಿಗೆ ಮದ್ದು ಉಂಟೋ ಎಂದು ಕೇಳುವವರಿಗೆ ಪ್ರವಾದಿಯಾದ ನಾತಾನನ ಉಪಾಯವನ್ನು ತೋರಿಸುವೆನು. ಅವನು ದಾವೀದನ ಬಳಿಗೆ ಬಂದು, ಅಪರಾಧಿಯ ಹೆಸರನ್ನು ಮುಚ್ಚಿಟ್ಟು, ಬಡವನ ಕುರಿಮರಿಯನ್ನು ಕಸುಕೊಂಡ ಐಶ್ವರ್ಯವಂತನ ಸಂಗತಿಯನ್ನು ಮಾತ್ರ ಹೇಳಿದನು. ಹೆಸರಿಲ್ಲದೆ ಇದ್ದದರಿಂದ ಅರಸನ ಕಣ್ಣು ತಿಳಿಯಾಗಿತ್ತು. ತೀರ್ಪು ನೆಟ್ಟಗೆ ಬಂತು. ಹೆಸರನ್ನು ಮೊದಲೇ ಹೇಳಿದ್ದರೆ ಆ ತೀರ್ಪು ಹೊರಡುತ್ತಿತ್ತೋ? ನಮ್ಮ ಸಭೆಗಳಲ್ಲಿ ಹಿರಿಯರನ್ನು ಆರಿಸುವಾಗಲೂ ಗ್ರಾಮ ಪಂಚಾಯತಿಗೆ ಮತ ಕೊಡುವಾಗಲೂ, ನಮ್ಮವನ ಕೃತ್ಯವನ್ನು ಎದುರಿನವನ ಹೆಸರಿಗೆ ಹಚ್ಚಿ ಒಂದು ಸಾರಿ ಮನಸ್ಸಿನಲ್ಲಿ ಓದಿನೋಡಬಹುದು. ಬೇರೆ ಖರ್ಚಿಲ್ಲ.

ಹಾಗಾದರೆ ಪಕ್ಷವನ್ನು ಪ್ರೀತಿಸುವವನು ನ್ಯಾಯವನ್ನು ಕಾಣಲಾರನೋ ಎಂದರೆ, ಅಲಬಾಮಾ ಸಂಸ್ಥಾನದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿ ಅಲಬಾಮಾ ಮತ್ತು ಆಬರ್ನ್ ಎಂಬ ಎರಡು ವಿಶ್ವವಿದ್ಯಾಲಯಗಳ ಸ್ಪರ್ಧೆಯು 1893ರಿಂದ ಬಂದದ್ದು. ಆಬರ್ನಿನ ಒಂದು ಮೂಲೆಯಲ್ಲಿ ಎರಡು ಹಳೇ ಓಕ್ ಮರಗಳಿದ್ದವು. ಗೆದ್ದ ದಿವಸ ಜನರು ಅವುಗಳ ಕೆಳಗೆ ಕೂಡಿ ಸಂತೋಷಪಡುತ್ತಿದ್ದರು. 2010ರಲ್ಲಿ ಆಬರ್ನ್ 28ಕ್ಕೆ 27ರಂತೆ ಗೆದ್ದಿತು. ಅದರ ಮೇಲೆ ಅಲಬಾಮಾ ಪಕ್ಷದ ಒಬ್ಬನು ಸಿಟ್ಟಿನಿಂದ ಆ ಮರಗಳ ಬುಡಕ್ಕೆ ವಿಷ ಹಾಕಿದನು. ಸುದ್ದಿ ಹೊರಬಿದ್ದಾಗ, ಮರಗಳನ್ನು ಉಳಿಸುವದಕ್ಕೋಸ್ಕರ ಹಣ ಕೂಡಿಸಿದವರಲ್ಲಿ ಅಲಬಾಮಾ ಪಕ್ಷದವರೂ ಇದ್ದರು. ಮರಗಳು ಉಳಿಯಲಿಲ್ಲ, 2013ರಲ್ಲಿ ಅವುಗಳನ್ನು ಕಡಿಯಬೇಕಾಯಿತು. ಈಗ ಅದೇ ಮೂಲೆಯಲ್ಲಿ ಬೇರೆ ಓಕ್ ಮರಗಳನ್ನು ನೆಟ್ಟಿದ್ದಾರೆ.