ಹಾಡು ಅದೇ, ಬಾಯಿ ಬೇರೆ

ನೊಂದವರ ಹಾಡನ್ನು ಬೇರೆಯವರು ಹಾಡಿದಾಗಲೇ ಕೇಳುವ ಕಿವಿಯನ್ನು ಏನೆಂದು ಕರೆಯೋಣ?

ಟ್ರೇಸಿ ಚಾಪ್‌ಮನ್ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1964ರಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ತಾಯಿಯೊಬ್ಬಳೇ ದುಡಿದು ಸಾಕಿದಳು. ಓದುವ ದಿನಗಳಲ್ಲಿ ಗಿಟಾರ್ ಹಿಡಿದು ಬೀದಿಯಲ್ಲಿ ಹಾಡಿದಳು. 1988ರ ಜೂನ್‌ನಲ್ಲಿ, ಜೈಲಿನಲ್ಲಿದ್ದ ಮಂಡೇಲಾರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿದಾಗ ಜಗತ್ತು ತಿರುಗಿ ನೋಡಿತು. ಆಕೆಯ ‘ಫಾಸ್ಟ್ ಕಾರ್’ ಕುಡುಕ ಅಪ್ಪನಿಗಾಗಿ ಶಾಲೆ ಬಿಟ್ಟು, ಅಂಗಡಿಯಲ್ಲಿ ದುಡಿಯುವ ಹುಡುಗಿಯ ಕತೆ.

ಹಾಡು ಗೆದ್ದಿತು, ನಿಜ. ಆದರೆ ‘ಕಂಟ್ರಿ’ ಅನ್ನೋ ಹಳ್ಳಿಗಾಡಿನ ಸಂಗೀತದ ಪಟ್ಟಿಯ ತುದಿಗೆ ಅದು ಏರಿದ್ದು 2023ರಲ್ಲಿ, ಲ್ಯೂಕ್ ಕೋಂಬ್ಸ್ ಎಂಬ ಬಿಳಿಯ ಗಾಯಕ ಹಾಡಿದ ಮೇಲೆ. ತಾನೊಬ್ಬಳೇ ಬರೆದ ಹಾಡಿನಿಂದ ಅಲ್ಲಿಗೆ ಮುಟ್ಟಿದ ಮೊದಲ ಕಪ್ಪು ಹೆಂಗಸು ಈಕೆಯಂತೆ! ಆ ಸಂಗೀತದ ಬ್ಯಾಂಜೋ ವಾದ್ಯದ ಬೇರಿರೋದು ಗುಲಾಮರಾಗಿ ಬಂದ ಆಫ್ರಿಕಾದವರ ಕೈಯಲ್ಲಿ. ವಾದ್ಯ ಒಳಗೆ, ಕೈ ಹೊರಗೆ.

ಕೋಂಬ್ಸ್ ಕಳ್ಳನಲ್ಲ. ಹಾಡಿನ ಹುಡುಗಿಯನ್ನು ಹುಡುಗನಾಗಿ ಮಾಡಲಿಲ್ಲ. ಬರೆದವಳನ್ನು ಬಾಯ್ತುಂಬ ಹೊಗಳಿದ. 2024ರ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಕೂಡಿ ಹಾಡಿದರು. ಅದನ್ನು ನೋಡಿ, “ಎಲ್ಲ ಸರಿಹೋಯ್ತಲ್ಲ” ಅನ್ನುವವರಿದ್ದಾರೆ.

ಏನು ಸರಿಹೋಯ್ತು? ಒಬ್ಬನ ಒಳ್ಳೆಯತನಕ್ಕೆ ಕೈಮುಗಿಯೋಣ. ಅದನ್ನೇ ನ್ಯಾಯ ಅನ್ನೋದು ಬೇಡ. ಒಳಗಿರುವವನ ಕೈ ಹಿಡಿದೇ ಒಳಗೆ ಬರಬೇಕಾದರೆ ಬಾಗಿಲು ಇನ್ನೂ ಮುಚ್ಚಿದೆ ಅಂತಲೇ ಅರ್ಥ. ಗಿಟಾರ್ ಹಿಡಿದ ಇನ್ನೊಬ್ಬ ಕಪ್ಪು ಹುಡುಗಿ, ಯಾರ ಶಿಫಾರಸೂ ಇಲ್ಲದೆ, ತನ್ನ ಹಾಡು ತಾನೇ ಹಾಡಿ ಅಲ್ಲಿಗೆ ಮುಟ್ಟಬಲ್ಲಳೆ? ಕೇಳಬೇಕಾದ ಪ್ರಶ್ನೆ ಇದು.