ಗೆದ್ದವನ ಮೇಲೆ ಮುನಿಸು

2006ರ ಅಕ್ಟೋಬರ್ 28, ಶನಿವಾರ. ಮರುದಿನ ಸ್ಪೇನಿನ ವಲೆನ್ಸಿಯಾ ಹತ್ತಿರದ ಚೆಸ್ಟೆಯಲ್ಲಿ ಆ ವರ್ಷದ ಮೋಟೋಜಿಪಿ ಬೈಕ್ ಸರಣಿಯ ಕೊನೆಯ ರೇಸ್. ವಿಶ್ವ ಚಾಂಪಿಯನ್ ಯಾರಾಗುತ್ತಾರೆ ಎಂಬುದು ಆ ಸಂಜೆಯ ಹೊತ್ತಿಗೆ ಗುಟ್ಟಾಗಿಯೇನೂ ಉಳಿದಿರಲಿಲ್ಲ. ಇಟಲಿಯ ವ್ಯಾಲೆಂಟಿನೋ ರೋಸ್ಸಿಗೆ 244 ಅಂಕ, ಅಮೆರಿಕದ ನಿಕಿ ಹೇಡನ್‌ಗೆ 236. ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಪೋಲ್ ಪೊಸಿಷನ್ ಕೂಡ ರೋಸ್ಸಿಗೇ ಸಿಕ್ಕಿತ್ತು. ರೇಸ್ ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 20, ಮೂರನೆಯವನಿಗೆ 16. ಅಂದರೆ ಹೇಡನ್ ರೇಸನ್ನೇ ಗೆದ್ದುಬಿಟ್ಟರೂ ರೋಸ್ಸಿ ಅವನ ಬೆನ್ನಿಗೆ ಬಂದರೆ ಸಾಕು. ಹೇಡನ್ ಮೂರನೆಯವನಾದರೆ ರೋಸ್ಸಿಗೆ ಎಂಟನೇ ಸ್ಥಾನವೂ ನಡೆಯುತ್ತಿತ್ತು. ಅಂಕ ಸಮವಾದರೆ ಹೆಚ್ಚು ರೇಸ್ ಗೆದ್ದವನಿಗೆ ಪಟ್ಟ. ಆ ವರ್ಷ ರೋಸ್ಸಿ ಐದು ಗೆದ್ದಿದ್ದ, ಹೇಡನ್ ಎರಡು. 2001ರಿಂದ 2005ರವರೆಗೆ ಒಂದೂ ತಪ್ಪದೆ ಐದು ಸಲ ಚಾಂಪಿಯನ್ ಆದವನು ಒಂದು ಭಾನುವಾರ ಎಂಟನೆಯವನಾಗಿ ಬರಲಾರನೇ?

ಬರಲಿಲ್ಲ. ಹೊರಡುವಾಗಲೇ ಹಿಂದೆ ಬಿದ್ದ. ಐದನೇ ಸುತ್ತಿನಲ್ಲಿ ಮುಂದಿನ ಚಕ್ರ ಜಾರಿ ಬೈಕಿನ ಸಮೇತ ನೆಲಕ್ಕೆ ಬಿದ್ದ. ಎದ್ದು, ಬೈಕ್ ಎತ್ತಿಕೊಂಡು, ಎಲ್ಲರ ಹಿಂದಿನಿಂದ ಓಡಿಸಿ 13ನೆಯವನಾಗಿ ಮುಗಿಸಿದ. ಸಿಕ್ಕಿದ್ದು ಮೂರು ಅಂಕ. ಹೇಡನ್ ಮೂರನೆಯವನಾಗಿ ಬಂದು 252 ಅಂಕದೊಂದಿಗೆ ಚಾಂಪಿಯನ್ ಆದ. ರೋಸ್ಸಿಯದು 247. ಇನ್ನೊಂದು ತಮಾಷೆ ಏನೆಂದರೆ ಆ ರೇಸನ್ನು ಗೆದ್ದವನು ಇವರಿಬ್ಬರೂ ಅಲ್ಲ, ಆ ವರ್ಷದ ಸರಣಿಯಲ್ಲಿ ಅದುವರೆಗೆ ಒಂದು ರೇಸನ್ನೂ ಓಡದಿದ್ದ ಟ್ರಾಯ್ ಬೇಲಿಸ್ ಎಂಬ 37 ವರ್ಷದ ಆಸ್ಟ್ರೇಲಿಯನ್. ಗಾಯಗೊಂಡಿದ್ದ ಸೆಟೆ ಜಿಬರ್ನಾವ್ ಬದಲಿಗೆ ಡುಕಾಟಿ ತಂಡ ಅವನನ್ನು ಆ ಒಂದೇ ರೇಸಿಗೆ ಕರೆಸಿಕೊಂಡಿತ್ತು. ಮೋಟೋಜಿಪಿಯಲ್ಲಿ ಬೇಲಿಸ್ ಗೆದ್ದದ್ದು ಅದೊಂದೇ ರೇಸ್.

ಊಹೆ ಸುಳ್ಳಾಯಿತು, ಅಷ್ಟೇ ಆಗಿದ್ದರೆ ಇಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಊಹೆಗಳು ಸುಳ್ಳಾಗುತ್ತಲೇ ಇರುತ್ತವೆ, ಮಳೆ ಬರುತ್ತದೆ ಎಂದ ದಿನ ಬಿಸಿಲು ಹೊಡೆಯುತ್ತದೆ. ನನ್ನನ್ನು ಕಾಡುವುದು ಆಮೇಲಿನ ಮಾತು. ಹೇಡನ್ ಚಾಂಪಿಯನ್ ಆದ ದಿನದಿಂದ ಅವನ ಹೆಸರಿನ ಜೊತೆ ಒಂದು ಬಾಲ ಅಂಟಿಕೊಂಡಿತು: ಅದೃಷ್ಟವಂತ. ಎರಡೇ ರೇಸ್ ಗೆದ್ದವನು, ರೋಸ್ಸಿ ಬಿದ್ದ ಅಂತ ಗೆದ್ದವನು. ಹೇಳಿದ್ದು ಆಗಲಿಲ್ಲವಲ್ಲ ಎಂದು ಹೇಳಿದವರು ನಾಚಿಕೊಂಡಿದ್ದರೆ ಸರಿ ಅನ್ನಬಹುದಿತ್ತು. ಅವರು ಮುನಿಸಿಕೊಂಡದ್ದು ಗೆದ್ದವನ ಮೇಲೆ.

ಆ ಐದು ಅಂಕಗಳ ಲೆಕ್ಕವನ್ನೇ ಸ್ವಲ್ಪ ಕೆದಕಿ ನೋಡಬೇಕು. ವಲೆನ್ಸಿಯಾಕ್ಕೆ ಎರಡು ವಾರ ಮೊದಲು ಪೋರ್ಚುಗಲ್ಲಿನ ಎಸ್ಟೊರಿಲ್‌ನಲ್ಲಿ ರೇಸ್ ನಡೆದಾಗ ಮುಂದಿದ್ದವನು ಹೇಡನ್, 12 ಅಂಕದಿಂದ. ಅಲ್ಲಿ ಅವನನ್ನು ಬೀಳಿಸಿದ್ದು ಎದುರಾಳಿಯಲ್ಲ, ಹೋಂಡಾ ತಂಡದ ಅವನದೇ ಜೊತೆಗಾರ ಡಾನಿ ಪೆಡ್ರೋಸಾ. ಒಳಗಿನಿಂದ ನುಗ್ಗಲು ಹೋಗಿ ತಾನೂ ಬಿದ್ದ, ಹೇಡನ್‌ನನ್ನೂ ಎಳೆದುಕೊಂಡು ಹೋದ. ವರ್ಷವಿಡೀ ಹೇಡನ್ ಸೊನ್ನೆ ಸುತ್ತಿದ್ದು ಅದೊಂದೇ ರೇಸಿನಲ್ಲಿ. ಅದೇ ರೇಸಿನ ಕೊನೆಗೆ ಟೋನಿ ಎಲಿಯಾಸ್ ಎಂಬ ಸ್ಪೇನಿನ ಸವಾರ ರೋಸ್ಸಿಯನ್ನು 0.002 ಸೆಕೆಂಡಿನಿಂದ ಸೋಲಿಸಿದ. ಬೈಕು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಗೆರೆ ದಾಟಿತು ಎಂದಿಟ್ಟುಕೊಂಡರೆ ಆ ಅಂತರ ಸುಮಾರು 14 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಆ ಗೇಣು ಇತ್ತ ಇದ್ದಿದ್ದರೆ ರೋಸ್ಸಿಗೆ 20ರ ಬದಲು 25 ಅಂಕ. ವರ್ಷದ ಕೊನೆಗೆ ಇಬ್ಬರದೂ 252, ಪಟ್ಟ ರೋಸ್ಸಿಗೆ.

ಇಲ್ಲಿಗೇ ನಿಂತರೆ ರೋಸ್ಸಿಗೆ ಅನ್ಯಾಯವಾಯಿತು ಅನಿಸುತ್ತದೆ. ಇನ್ನೂ ಹಿಂದಕ್ಕೆ ಹೋದರೆ ವರ್ಷದ ಮೊದಲ ರೇಸಿನಲ್ಲಿ, ಸ್ಪೇನಿನ ಹೆರೆಜ್‌ನ ಮೊದಲ ತಿರುವಿನಲ್ಲೇ ರೋಸ್ಸಿಗೆ ಡಿಕ್ಕಿ ಹೊಡೆದು ಬೀಳಿಸಿದವನೂ ಇದೇ ಎಲಿಯಾಸ್. ಚೀನಾ, ಫ್ರಾನ್ಸ್, ಅಮೆರಿಕದ ಲಗುನಾ ಸೆಕಾ, ಮೂರೂ ಕಡೆ ರೋಸ್ಸಿಗೆ ಸೊನ್ನೆ. ಜೂನ್ ತಿಂಗಳಲ್ಲಿ ಹಾಲೆಂಡಿನ ಆಸೆನ್‌ನಲ್ಲಿ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿದ್ದವನು ಕಾಲಿನ್ ಎಡ್ವರ್ಡ್ಸ್, ರೋಸ್ಸಿಯದೇ ತಂಡದವನು. ಗೆರೆ ಕಣ್ಣಿಗೆ ಕಾಣುತ್ತಿರುವಾಗ ಬಿದ್ದ. ಹಿಂದಿದ್ದ ಹೇಡನ್‌ಗೆ 20ರ ಬದಲು 25 ಸಿಕ್ಕಿತು. ಮತ್ತೆ ಅದೇ ಐದು ಅಂಕ! ಎಡ್ವರ್ಡ್ಸ್ ಆಮೇಲೆ ಎಷ್ಟೋ ವರ್ಷ ಓಡಿಸಿದರೂ ಮೋಟೋಜಿಪಿಯಲ್ಲಿ ಒಂದೇ ಒಂದು ರೇಸ್ ಗೆಲ್ಲಲಾಗಲಿಲ್ಲ. ಆ ಮನುಷ್ಯನ ಪಾಲಿಗೆ ಆ ತಿರುವು ಏನು ಎಂಬುದನ್ನು ಚಾಂಪಿಯನ್‌ಗಳ ಲೆಕ್ಕ ಹಾಕುವ ಯಾರೂ ಕೇಳುವುದಿಲ್ಲ.

ಹಾಗೆ ಹುಡುಕುತ್ತಾ ಹೋದರೆ ಐದು ಅಂಕ ಹತ್ತು ಕಡೆ ಸಿಗುತ್ತದೆ, ಕೆಲವು ಕಡೆ ಒಬ್ಬನ ಪರವಾಗಿ, ಕೆಲವು ಕಡೆ ಇನ್ನೊಬ್ಬನ ಪರವಾಗಿ. ಪೆಡ್ರೋಸಾ ಬೀಳಿಸಿದಾಗ ಹೇಡನ್‌ನನ್ನು ದುರದೃಷ್ಟವಂತ ಎಂದವರು ಅದನ್ನು ಎರಡೇ ವಾರದಲ್ಲಿ ಮರೆತರು. ನೆನಪಿನಲ್ಲಿ ಉಳಿಯುವುದು ನಮ್ಮ ಊಹೆಯನ್ನು ಕೆಡಿಸಿದ ಆಕಸ್ಮಿಕ ಮಾತ್ರ. ನಮ್ಮ ಊಹೆಗೆ ನೆರವಾದ ಆಕಸ್ಮಿಕಗಳನ್ನು ನಾವು ಸಾಮರ್ಥ್ಯ ಎಂದು ಬರೆದುಕೊಂಡಿರುತ್ತೇವೆ.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ ನಮ್ಮಲ್ಲಿ. ತೂರಿಕೊಳ್ಳಬೇಕಾದರೆ ಕಣದಲ್ಲಿ ತುಳಿಸಿದ ರಾಶಿ ಇರಬೇಕಲ್ಲ. ಹೇಡನ್‌ನ ಆ ವರ್ಷದ 17 ರೇಸುಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದು ಆ ರಾಶಿ. ಹತ್ತು ಸಲ ಮೊದಲ ಮೂವರಲ್ಲಿ ಬಂದಿದ್ದಾನೆ. ಗೆಲ್ಲಲಾಗದ ದಿನ ಎರಡನೆಯದು, ಎರಡನೆಯದೂ ಕೈತಪ್ಪಿದ ದಿನ ಮೂರನೆಯದು, ಏನೂ ಸರಿ ಹೋಗದ ದಿನ ಏಳನೆಯದೋ ಒಂಬತ್ತನೆಯದೋ. ಇದು ಟೀವಿಯಲ್ಲಿ ನೋಡಲು ಚೆಂದವಲ್ಲ, ಒಪ್ಪುತ್ತೇನೆ. ರೋಸ್ಸಿಯ ಓಟದಲ್ಲಿದ್ದ ಸೊಗಸು ಅದರಲ್ಲಿಲ್ಲ. ಜುಲೈಯಲ್ಲಿ ಲಗುನಾ ಸೆಕಾ ರೇಸ್ ಮುಗಿದಾಗ 51 ಅಂಕ ಹಿಂದಿದ್ದ ರೋಸ್ಸಿ ಒಂದೊಂದೇ ರೇಸಿನಲ್ಲಿ ಆ ಅಂತರ ಕರಗಿಸುತ್ತಾ ಬಂದದ್ದು ಮೈ ನವಿರೇಳಿಸುವ ಕಥೆ. ಆ ಕಥೆಗೆ ನಾವೆಲ್ಲ ಕೊನೆಯ ಅಧ್ಯಾಯವನ್ನು ಮೊದಲೇ ಬರೆದಿಟ್ಟಿದ್ದೆವು. ಹೇಡನ್ ಮಾಡಿದ ತಪ್ಪೆಂದರೆ ಆ ಅಧ್ಯಾಯದಲ್ಲಿ ಅವನಿಗೆ ಕೊಟ್ಟಿದ್ದ ಪಾತ್ರವನ್ನು ಅವನು ಮಾಡಲಿಲ್ಲ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಎಲ್ಲಿ ನೋಡಿದರೂ ಬೈಕುಗಳ ಮೇಲೆ 46 ಎಂಬ ಹಳದಿ ಅಂಕಿಯ ಸ್ಟಿಕ್ಕರ್ ಕಾಣುತ್ತದೆ. ರೋಸ್ಸಿಯ ನಂಬರ್ ಅದು. ಅವನು ಮೋಟೋಜಿಪಿ ಬಿಟ್ಟದ್ದು 2021ರಲ್ಲಿ, ಸ್ಟಿಕ್ಕರ್ ಇನ್ನೂ ಬಿಟ್ಟಿಲ್ಲ. ಇದು ಪ್ರೀತಿ, ಪ್ರೀತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಪ್ರೀತಿ ಲೆಕ್ಕಾಚಾರದ ವೇಷ ಹಾಕಿಕೊಂಡು ಬಂದಾಗ. ಅಭ್ಯಾಸದ ಸುತ್ತುಗಳ ಸಮಯ, ಟೈರು ಮೆದುವೋ ಗಡುಸೋ, ಟ್ರ್ಯಾಕಿನ ಬಿಸಿ, ಹೋದ ವರ್ಷ ಇಲ್ಲಿ ಯಾರು ಗೆದ್ದರು, ಇಷ್ಟನ್ನೂ ಜೋಡಿಸಿ ಕೊನೆಗೆ ಹೇಳುವ ಹೆಸರು ಮಾತ್ರ ಮೊದಲೇ ಮನಸ್ಸಿನಲ್ಲಿ ಕೂತಿದ್ದ ಹೆಸರು. ಆಸೆಯನ್ನು ಆಸೆ ಎಂದೇ ಹೇಳಿಕೊಂಡವನಿಗೆ ಸೋತಾಗ ಬೇಸರವಾಗುತ್ತದೆ, ಅಷ್ಟೇ. ಆಸೆಯನ್ನು ಜ್ಞಾನವೆಂದು ಹೇಳಿಕೊಂಡವನಿಗೆ ಅವಮಾನವಾಗುತ್ತದೆ. ಆ ಅವಮಾನವನ್ನು ಯಾರ ಮೇಲಾದರೂ ಹೊರಿಸಲೇಬೇಕು.

ಊಹೆ ಮಾಡುವುದರಲ್ಲಿ ನಮಗಿಂತ ಸವಾರ ದೊಡ್ಡವನು. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಬರುತ್ತಾ ಇಲ್ಲಿ ಬ್ರೇಕ್ ಹಿಡಿದರೆ ಅಲ್ಲಿ ತಿರುಗಬಹುದು, ಟೈರು ಇಷ್ಟು ಹಿಡಿದೀತು, ಪಕ್ಕದವನು ಒಳಗೆ ಬರಲಾರ ಎಂದು ಅವನು ಪ್ರತಿ ತಿರುವಿಗೂ ಭವಿಷ್ಯ ನುಡಿಯುತ್ತಾನೆ. ಸುಳ್ಳಾದರೆ ಅರ್ಧ ಸೆಕೆಂಡಿನಲ್ಲಿ ಗೊತ್ತಾಗುತ್ತದೆ, ಬೆಲೆ ತೆರುವುದು ಅವನ ಮೈ. ನಮ್ಮ ಊಹೆಗೆ ಬೆಲೆ ತೆರುವವರು ಯಾರೂ ಇಲ್ಲ. ದುಡ್ಡು ಕಟ್ಟಿದವನು ತೆರುತ್ತಾನಲ್ಲ ಎನ್ನಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು ಎಂದರೆ ಆ ಬೆಲೆ ಯಾರ ಮನೆಯಿಂದ ಹೋಗುತ್ತಿತ್ತು ಎಂಬುದು ತಿಳಿಯುತ್ತದೆ. ಆದರೂ ಬಾಜಿ ಕಟ್ಟಿದವನ ಕಣ್ಣಿಗೆ ಬಿದ್ದ ಸವಾರ ಮನುಷ್ಯನಾಗಿ ಕಾಣುವುದಿಲ್ಲ, ಮುಳುಗಿದ ದುಡ್ಡಾಗಿ ಕಾಣುತ್ತಾನೆ.

ಸವಾರ ಮೈಯಿಂದ ತೆರುವ ಬೆಲೆ ಎಂಥದ್ದೆಂದು ನಮ್ಮಲ್ಲೇ ಕಂಡಿತು. 2023ರ ಆಗಸ್ಟ್ 5ರಂದು ಚೆನ್ನೈ ಹೊರವಲಯದ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸ್ ನಡೆಯುತ್ತಿತ್ತು. ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಪೋಲ್ ಪೊಸಿಷನ್‌ನಿಂದ ಹೊರಟಿದ್ದ. ಆ ದಿನ ಯಾರು ಗೆಲ್ಲುತ್ತಾರೆ ಎಂದು ಕೇಳಿದ್ದರೆ ಅಲ್ಲಿದ್ದವರು ಅವನ ಹೆಸರನ್ನೇ ಹೇಳುತ್ತಿದ್ದರು. ರೇಸ್ ಶುರುವಾದ ಕೂಡಲೇ ಮೊದಲ ತಿರುವಿನ ಬಳಿ ಬಿದ್ದ, ತಲೆಗೆ ಪೆಟ್ಟಾಯಿತು, ಉಳಿಯಲಿಲ್ಲ. ಉಳಿದ ರೇಸುಗಳನ್ನು ರದ್ದು ಮಾಡಿದರು. ಹದಿಮೂರು ವರ್ಷದ ಮಕ್ಕಳು ಆ ವೇಗದಲ್ಲಿ ಓಡಬೇಕೇ ಎಂಬ ಪ್ರಶ್ನೆಯನ್ನು ಯಾರು ಎಷ್ಟು ಮೊದಲು ಕೇಳಬೇಕಿತ್ತು? ಯಾರು ಗೆಲ್ಲುತ್ತಾರೆ ಎಂದು ಕೇಳುವುದು ಸುಲಭ, ಅದಕ್ಕೆ ಉತ್ತರ ಹೇಳಲು ಎಲ್ಲರೂ ತುದಿಗಾಲಲ್ಲಿರುತ್ತಾರೆ.

ಹೊತ್ತಿಗೆ ಕೇಳದ ಮಾತುಗಳ ಬಗ್ಗೆ ಬರೆಯುವಾಗ ನೆನಪಾಗುವುದು ವಲೆನ್ಸಿಯಾದ ಇನ್ನೊಂದು ಅಕ್ಟೋಬರ್ 29. ಹೇಡನ್ ಗೆದ್ದ ದಿನಕ್ಕೆ ಸರಿಯಾಗಿ 18 ವರ್ಷಗಳ ನಂತರ, 2024ರಲ್ಲಿ. ಆ ವರ್ಷವೂ ಕೊನೆಯ ರೇಸ್ ಅದೇ ಚೆಸ್ಟೆಯಲ್ಲಿ ನಡೆಯಬೇಕಿತ್ತು. ಪಟ್ಟಕ್ಕಾಗಿ ಸೆಣಸುತ್ತಿದ್ದ ಸವಾರರಲ್ಲಿ ಹೋರ್ಹೆ ಮಾರ್ಟಿನ್ ಗೆಲ್ಲುತ್ತಾನೋ, ಫ್ರಾನ್ಸೆಸ್ಕೊ ಬನ್ಯಾಯಾ ಗೆಲ್ಲುತ್ತಾನೋ ಎಂದು ಜಗತ್ತಿನಾದ್ಯಂತ ಲೆಕ್ಕಗಳು ನಡೆದಿದ್ದವು. ಅಂದು ಬೆಳಿಗ್ಗೆ ಸ್ಪೇನಿನ ಹವಾಮಾನ ಸಂಸ್ಥೆ ವಲೆನ್ಸಿಯಾ ಪ್ರಾಂತ್ಯಕ್ಕೆ ಕೆಂಪು ಎಚ್ಚರಿಕೆ ಕೊಟ್ಟಿತು. ವಲೆನ್ಸಿಯಾ ವಿಶ್ವವಿದ್ಯಾಲಯ ಅದಕ್ಕೂ ಮೊದಲೇ ಆ ದಿನದ ತರಗತಿಗಳನ್ನು ರದ್ದು ಮಾಡಿತ್ತು. ಜನರ ಮೊಬೈಲಿಗೆ ಸರ್ಕಾರದ ಎಚ್ಚರಿಕೆ ಬಂದದ್ದು ಮಾತ್ರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಪೈಪೋರ್ತಾದಂಥ ಊರುಗಳಲ್ಲಿ ಬೀದಿಗಳೇ ಹೊಳೆಯಾಗಿದ್ದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚೆಸ್ಟೆಯ ಟ್ರ್ಯಾಕಿಗೆ ಹೋಗುವ ದಾರಿಗಳು ಕೊಚ್ಚಿಹೋದವು, ರೇಸನ್ನು ಬಾರ್ಸಿಲೋನಾಕ್ಕೆ ಸಾಗಿಸಬೇಕಾಯಿತು. ಭವಿಷ್ಯ ಹೇಳುವುದು ಮನುಷ್ಯನಿಗೆ ಸಾಧ್ಯವಿಲ್ಲದ ಕೆಲಸ ಎಂದು ಕೈಚೆಲ್ಲುವವರಿಗೆ ಆ ದಿನವನ್ನು ತೋರಿಸಬೇಕು. ಹೇಳಬೇಕಾದವರು ಬೆಳಿಗ್ಗೆಯೇ ಹೇಳಿದ್ದರು. ಕೇಳಬೇಕಾದವರು ಕೇಳಲಿಲ್ಲ. ಕೊನೆಯ ರೇಸಿನ ಊಹೆಗೆ ಕಿವಿಗೊಟ್ಟಿದ್ದ ಊರಿಗೆ ಮಳೆಯ ಊಹೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು.

ಬಾರ್ಸಿಲೋನಾದಲ್ಲಿ ಬನ್ಯಾಯಾ ರೇಸ್ ಗೆದ್ದ. ಮಾರ್ಟಿನ್ ಮೂರನೆಯವನಾಗಿ ಬಂದು ಚಾಂಪಿಯನ್ ಆದ, 508 ಅಂಕಕ್ಕೆ 498. ಆ ವರ್ಷ ಬನ್ಯಾಯಾ ಗೆದ್ದ ಭಾನುವಾರದ ರೇಸುಗಳು 11, ಮಾರ್ಟಿನ್ ಗೆದ್ದದ್ದು ಮೂರು. ಶುರುವಾಯಿತು ಮತ್ತೆ ಹಳೆಯ ರಾಗ: ಹನ್ನೊಂದು ಗೆದ್ದವನನ್ನು ಬಿಟ್ಟು ಮೂರು ಗೆದ್ದವನಿಗೆ ಪಟ್ಟವೇ? ಶನಿವಾರದ ಕಿರು ರೇಸುಗಳಲ್ಲಿ ಬನ್ಯಾಯಾ ಬಿದ್ದು ಕಳೆದುಕೊಂಡ ಅಂಕಗಳ ಮಾತನ್ನು ಯಾರೂ ಎತ್ತಲಿಲ್ಲ. ಹೋದ ಸಲದ ಸಿಟ್ಟಿಗೆ ಹೊಸ ಹೆಸರು ಸಿಕ್ಕಿತು, ಅಷ್ಟೇ.

ಹೀಗೆ ಮುನಿಸಿಕೊಳ್ಳುವವರಿಗಿಂತ ರೋಸ್ಸಿ ವಾಸಿ. ವಲೆನ್ಸಿಯಾದಲ್ಲಿ ಎಲ್ಲವನ್ನೂ ಕಳೆದುಕೊಂಡ ಆ ಮಧ್ಯಾಹ್ನ ಅವನು ಹೇಡನ್ ಹತ್ತಿರ ಹೋಗಿ ಅಭಿನಂದಿಸಿದ. ಬಿದ್ದದ್ದು ತಾನೇ ಎಂಬುದು ಅವನಿಗೆ ಗೊತ್ತಿತ್ತು, ಅವನ ಪರವಾಗಿ ಸಿಟ್ಟಾಗಲು ಊರೆಲ್ಲ ಜನ ಬೇರೆ ಇದ್ದರು.

ಮುಂದಿನ ಭಾನುವಾರದ ರೇಸಿಗೆ ನನ್ನ ಊಹೆ ಏನೆಂದು ಗೆಳೆಯರು ಕೇಳುತ್ತಿದ್ದಾರೆ. ಹೇಳುತ್ತೇನೆ, ಹೆಸರಿನ ಜೊತೆ ಕಾರಣವನ್ನೂ ಹೇಳುತ್ತೇನೆ, ಅದರಲ್ಲಿ ಅರ್ಧ ಆಸೆಯೇ ಎಂಬುದನ್ನೂ ಸೇರಿಸುತ್ತೇನೆ. ಗೆದ್ದವನು ಬೇರೆಯವನಾದರೆ ಟೀವಿ ಆರಿಸಿ ಏಳುವುದಿಲ್ಲ. ಪೋಡಿಯಂನಲ್ಲಿ ಅವನ ದೇಶದ ಗೀತೆ ಮುಗಿಯುವವರೆಗೂ ಕೂತು ನೋಡುವುದು ಎಂದುಕೊಂಡಿದ್ದೇನೆ.